ತೊಳೆಯಬಾರದ ಎಂಜಿನ್

ಸಲೈನಾ, ಕನ್ಸಾಸ್
ಗುರುವಾರ

ಲಾನಿಯವರೇ,

ಕಳೆದ ವಾರ ನಿಮ್ಮ ಗುಜರಿಗೆ ಬಂದ ನೀಲಿ ಪಿಕಪ್‌ನ ಎಂಜಿನ್ ಮಾತ್ರ ನನಗೆ ಬೇಕು. ಶೆಡ್ಡಿನಲ್ಲಿರುವ ಹಳೆಯ ಫೋರ್ಡ್‌ಗೆ ಅದನ್ನು ಕೂರಿಸಿ, ನಾನೂ ಮಗಳೂ ಶುರು ಮಾಡಿದ ಹಾಟ್ ರಾಡ್ ಓಟದ ಕಾರನ್ನು ಮುಗಿಸಬೇಕು. ಹೊಸದನ್ನು ಕೊಳ್ಳುವ ಶಕ್ತಿ ನನಗಿಲ್ಲ. ಕಾಸಿಲ್ಲದವನು ಪೂರ್ವಾಪರ ಗೊತ್ತಿರುವ ಎಂಜಿನ್ನನ್ನೇ ಆರಿಸಬೇಕು ಎನ್ನುವವರು ನೀವೇ. ಇದರ ಪಿಸ್ಟನ್, ಬೇರಿಂಗ್ ಎಲ್ಲ ಬದಲಿಸಿ ಹೋದ ಚಳಿಗಾಲದಲ್ಲಿ ಕಟ್ಟಿದ್ದು ನಾನು ಮತ್ತು ನನ್ನ ಮಗಳು ಕೊಲೀನ್. ಗೋಧಿ ಲಾರಿ ಗುದ್ದಿದ್ದು ಅವಳು ಕೂತಿದ್ದ ಕಡೆಯ ಬಾಗಿಲಿಗೆ. ಎಂಜಿನ್ನಿಗೆ ಒಂದು ಗೀರೂ ಬಿದ್ದಿಲ್ಲವಂತೆ.

ಅವಳ ಮಣ್ಣಿಗೆ ನೀವು ಬಂದಿದ್ದಿರಿ. ಅಲ್ಲಿ ಇದನ್ನು ಕೇಳುವುದು ಸರಿಯೆನಿಸಲಿಲ್ಲ.

ನಾನು ಬರುವ ಮೊದಲೇ ಎಂಜಿನ್ ಇಳಿಸಿಟ್ಟಿರಿ. ಗಾಡಿ ನನ್ನ ಕಣ್ಣಿಗೆ ಬೀಳದಿರಲಿ. ಫೋನ್ ಮಾಡಬೇಡಿ, ಅವಳಮ್ಮ ಎತ್ತುತ್ತಾಳೆ.

ಮಾರುವ ಮುಂಚೆ ಎಲ್ಲ ಎಂಜಿನ್‌ಗಳನ್ನೂ ನೀವು ಹಬೆ ಹಾಯಿಸಿ ತೊಳೆಯುತ್ತೀರಿ. ಇದನ್ನು ತೊಳೆಯಬೇಡಿ, ಬಣ್ಣ ಕಿತ್ತುಬರುತ್ತದೆ. ಎಡಗಡೆ ಮುಚ್ಚಳದ ಕಿತ್ತಳೆ ಬಣ್ಣ ಇನ್ನೂ ಹಸಿಯಿದ್ದಾಗ ಅವಳು ಹೆಬ್ಬೆಟ್ಟು ಒತ್ತಿದ್ದಳು.

“ಆರೋ ತನಕ ತಡಿಯಕ್ಕಾಗಲ್ವೇನೇ ನಿಂಗೆ?” ಎಂದು ಗದರಿದ್ದೆ.

“ಇರ್ಲಿ ಬಿಡಪ್ಪ. ನಾನೂ ಕಟ್ಟಿದೀನಿ ಅಂದ್ರೆ ಯಾರಾದ್ರೂ ನಂಬಬೇಕಲ್ಲ” ಎಂದಿದ್ದಳು.

ಉಜ್ಜಿ ತೆಗೆದು ಮತ್ತೆ ಬಣ್ಣ ಬಳಿ ಎಂದು ಹೇಳಿದ್ದೆ. ಪುಣ್ಯಕ್ಕೆ ಅವಳು ನನ್ನ ಮಾತು ಕೇಳಲಿಲ್ಲ.

ಇಂತಿ,
ವರ್ಲಿನ್ ಸ್ಟ್ರೌಡ್