ಹದಿನೆಂಟು ನಿಮಿಷದ ನಕ್ಷೆ

ಇಸೊನೊ ಬಂದರು
೧೪ ಅಕ್ಟೋಬರ್ ೨೦೧೬

ಪ್ರೀತಿಯ ಅಣ್ಣಾ,

ನಿನ್ನ ಬೆನ್ನುನೋವು ಈಗ ಹೇಗಿದೆ? ಟ್ಯೂನಾ ಮೀನು ಹಿಡಿಯುವ ಹಡಗಿನಲ್ಲಿ ಶಾಖ ಕೊಡುವವರು ಯಾರಿದ್ದಾರೆ ಎಂದು ಅಮ್ಮನಿಗೆ ಒಂದೇ ಚಿಂತೆ. ಅವಳು ಕಳಿಸಿದ ಉಮೆ ಹಣ್ಣಿನ ಉಪ್ಪಿನಕಾಯಿಯನ್ನು ನೀನೊಬ್ಬನೇ ತಿನ್ನಬಾರದಂತೆ, ಅಡುಗೆಯವನಿಗೂ ಕೊಡಬೇಕಂತೆ.

ಇಲ್ಲಿಯ ಸುದ್ದಿ ಎಂದರೆ ನನ್ನ ನಕ್ಷೆ. ಪುರಸಭೆಯಿಂದ ಮನೆಮನೆಗೆ ಹಂಚುವ ಸುನಾಮಿ ನಕ್ಷೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನೀರು ಎಲ್ಲೆಲ್ಲಿ ಎಷ್ಟು ಮೀಟರ್ ಏರುತ್ತದೆಂದು ಏಳು ಬಣ್ಣಗಳಲ್ಲಿ ತೋರಿಸಿದ್ದೆ, ನನಗೇ ಹೆಮ್ಮೆಯಾಗಿತ್ತು. ಊರಿನ ಸಭೆಯಲ್ಲಿ, ಮೀನು ಒಣಗಿಸುವ ತೊಕುನೊ ಅಜ್ಜಿ ಕನ್ನಡಕ ಏರಿಸಿ ನೋಡಿ, “ಚೆಂದ ಇದೆ ಕಣೇ, ಹಬ್ಬದ ಕಿಮೊನೊ ಇದ್ದಂಗೆ. ಆದ್ರೆ ಮುಳುಗೋಕೆ ನಂಗೆ ಒಂದಾಳುದ್ದ ನೀರು ಸಾಕಲ್ವಾ? ನಾನು ಗುಡ್ಡ ಮುಟ್ತೀನೋ ಇಲ್ವೋ, ಅದನ್ನ ಹೇಳು” ಎಂದರು. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಆದರೆ ಅಜ್ಜಿಯ ಮಾತಿನಲ್ಲಿ ತಪ್ಪೇನಿತ್ತು?

ಮರುದಿನ ಗಡಿಯಾರ ಹಿಡಿದು ಅವರ ಜೊತೆಯಲ್ಲೇ ಗುಡ್ಡ ಹತ್ತಿದೆ. ನೆಲ ನಡುಗಿದ ಹದಿನೆಂಟು ನಿಮಿಷಕ್ಕೆ ಅಲೆ ಬರುತ್ತದೆಂಬುದು ಲೆಕ್ಕ. ಅಜ್ಜಿಗೆ ಇಪ್ಪತ್ತಮೂರು ಬೇಕಾಯಿತು. ಆಮೇಲೆ ಮನೆಮನೆಯವರ ನಡಿಗೆಯನ್ನೂ ಲೆಕ್ಕ ಹಾಕಿ, ಏಳು ಬಣ್ಣಗಳನ್ನೂ ತೆಗೆದುಹಾಕಿದೆ. ಮನೆಗೊಂದು ಚುಕ್ಕೆ: ಸಲೀಸಾಗಿ ತಲುಪುವವರಿಗೆ ಬಿಳಿ, ಕೂದಲೆಳೆಯ ಅಂತರದಲ್ಲಿ ತಲುಪುವವರಿಗೆ ಹಳದಿ, ತಲುಪದವರಿಗೆ ಕಪ್ಪು. ನಮ್ಮ ವಿಭಾಗದ ಮುಖ್ಯಸ್ಥ ಉಜಿಹಾರ ಅವರು, “ಕಪ್ಪು ಯಾಕಮ್ಮ, ಜನ ಹೆದರ್ಕೊಳ್ತಾರೆ. ತಿಳಿ ಬೂದು ಹಾಕು” ಎಂದರು. “ಬೂದು ಹಾಕಿದ್ರೆ ಕಾಣಲ್ಲ ಸರ್. ಕಾಣ್ದಿರೋ ನಕ್ಷೆ ಯಾಕೆ ಹಂಚ್ಬೇಕು?” ಎಂದೆ. ಗೊಣಗುತ್ತಲೇ ಒಪ್ಪಿದರು. ಮೀನು ಮಾರುಕಟ್ಟೆಯ ಹಿಂದೆ ಮೂವತ್ತೆಂಟು ಕಪ್ಪು ಚುಕ್ಕೆಗಳು ಇರುವೆ ಮುತ್ತಿದಂತೆ ಕಂಡಾಗ ಪುರಸಭೆಯ ಸದಸ್ಯರು ನಕ್ಷೆಯ ಮೇಲೆ ಬಾಗಿ ಒಂದೊಂದನ್ನೇ ಎಣಿಸಿದರು. ಜನ ಹತ್ತಿ ನಿಲ್ಲಲು ಅಲ್ಲೇ ಎತ್ತರದ ಉಕ್ಕಿನ ಅಟ್ಟ ಕಟ್ಟುವುದಕ್ಕೆ ಅಂದೇ ಒಪ್ಪಿಗೆ ಸಿಕ್ಕಿತು. ಎರಡು ವರ್ಷ ಹಿಡಿಯುತ್ತದಂತೆ.

ಹಡಗಿನ ಗೆಳೆಯರಿಗೆಲ್ಲ ನನ್ನ ನಮಸ್ಕಾರ ತಿಳಿಸು. ಸಮುದ್ರ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ.

ನಿನ್ನ ತಂಗಿ,
ಕಯೊ

ಮರೆತೆ ಎನ್ನಲಾರೆ, ಬರೆಯಲು ಧೈರ್ಯವಿರಲಿಲ್ಲ. ಮೊದಲು ನಮ್ಮ ಮನೆಗೆ ಹಳದಿ ಹಾಕಿದ್ದೆ. ಅಮ್ಮನಿಗೆ ಹದಿನೇಳು ನಿಮಿಷ ಸಾಕೆಂದು ಕೂತಲ್ಲೇ ಅಂದಾಜು ಮಾಡಿದ್ದೆ. ಅಚ್ಚಿಗೆ ಕೊಡುವ ಹಿಂದಿನ ದಿನ ಮನಸ್ಸು ತಡೆಯದೆ ಅವಳನ್ನು ಗುಡ್ಡಕ್ಕೆ ನಡೆಸಿಕೊಂಡು ಹೋದೆ. ಇಪ್ಪತ್ತೊಂದಾಯಿತು. ಚುಕ್ಕೆಯನ್ನು ಕಪ್ಪು ಮಾಡಿದ್ದೇನೆ. ಗುಡ್ಡದ ಮೇಲೆ ಬಾಡಿಗೆ ಮನೆ ನೋಡಿದ್ದೇನೆ, ಅವಳು ಒಲ್ಲೆ ಎನ್ನುತ್ತಾಳೆ. ಬಂದರು ತಲುಪಿದ ಕೂಡಲೇ ಅವಳಿಗೆ ಫೋನ್ ಮಾಡಿ ಒಪ್ಪಿಸು. ಗುಡ್ಡ ಹತ್ತುವಾಗ ಮೆಟ್ಟಿಲ ನಡುವೆ ಕೂತು ಏದುಸಿರು ಬಿಡುತ್ತಾ ಅವಳು ಹೇಳಿದ್ದು ಇಷ್ಟು: “ಆ ದಿನ ನಂಗೋಸ್ಕರ ನಿಲ್ಬೇಡ ಕಣೇ, ನೀನು ಓಡು.”