ಡ್ರಾ ಆಗುವವರೆಗೆ

ಅಲ್ ಮವಾಲೇಹ್,
೧೩ ಫೆಬ್ರವರಿ ೨೦೨೬, ಶುಕ್ರವಾರ

ಪ್ರೀತಿಯ ಆಲ್ಫ್ರೆಡ್,

ಮೊದಲು ನಿಮ್ಮ ಕೆಮ್ಮಿನ ಸುದ್ದಿ ಹೇಳಿ. ನಿನ್ನೆ ಫೋನಿನಲ್ಲಿ ಮಾತಿಗೊಮ್ಮೆ ಕೆಮ್ಮುತ್ತಿದ್ದಿರಿ. ಕೇಳಿದರೆ ಪೋರ್ಟಿನ ಧೂಳು ಎಂದು ಹಾರಿಸಿಬಿಟ್ಟಿರಿ. ಧೂಳು ಅಲ್ಲಿ ಎಲ್ಲರಿಗೂ ಇದೆ, ಎಲ್ಲರೂ ನಿಮ್ಮ ಹಾಗೆ ಕೆಮ್ಮುವುದಿಲ್ಲ. ಕಂಪನಿಯ ಕ್ಲಿನಿಕ್ಕಿಗೆ ಹೋಗಿ ಎದೆ ತೋರಿಸಿಕೊಂಡು ಬನ್ನಿ. ಬಿ.ಪಿ. ಮಾತ್ರೆಯನ್ನು ನೆನಪಾದ ದಿನ ನುಂಗುವುದಲ್ಲ, ದಿನಾ ನುಂಗಬೇಕು. ರೂಮಿನವರು ಸಾರಿಗೆ ಖಾರ ಹೆಚ್ಚು ಹಾಕುತ್ತಾರೆ ಎಂದು ದೂರುತ್ತಿದ್ದಿರಲ್ಲ, ಒಂದು ದಿನ ನೀವೇ ಸೌಟು ಹಿಡಿಯಿರಿ, ಕೈ ಸವೆಯುವುದಿಲ್ಲ. ನೀವು ಕಳಿಸಿದ ಎಳನೀರು, ಬಾಳೆಗೊನೆ ಎಲ್ಲ ಬಂತು. ಕೆಳಗಿನ ತರಕಾರಿ ಅಂಗಡಿಯ ಹಕೀಂ ತಾವೇ ಹೊತ್ತುಕೊಂಡು ಮೇಲೆ ತಂದು ಕೊಟ್ಟರು. ದೊಡ್ಡ ತರಕಾರಿ ಮಾರ್ಕೆಟ್ ಇಲ್ಲಿಂದ ಎದ್ದು ಬೇರೆ ಕಡೆ ಹೋದ ಮೇಲೆ ಅವರ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸವೇ ಜಾಸ್ತಿ, ಆದರೂ ಮುಖ ಗಂಟಿಕ್ಕಿದ್ದು ನಾನು ನೋಡಿಲ್ಲ. ಭಾನುವಾರ ಮಧ್ಯಾಹ್ನ ಪುನಃ ತೆಂಗಿನಕಾಯಿ ತರಲು ನಿಮ್ಮ ಸಲಾಲಾಕ್ಕೆ ಹೊರಡುತ್ತಾರಂತೆ, ಈ ಪತ್ರ ಅವರ ಕೈಯಲ್ಲೇ ಬರುತ್ತದೆ. ಜೊತೆಗೆ ಮಾವಿನಮಿಡಿ ಉಪ್ಪಿನಕಾಯಿ ಇದೆ, ಅದನ್ನು ರೂಮಿನವರಿಗೆಲ್ಲ ಹಂಚಿ ದೊಡ್ಡ ಮನುಷ್ಯರಾಗಬೇಡಿ.

ಫೋನ್ ಇರುವಾಗ ಇವಳಿಗೆಂತ ಪತ್ರದ ಹುಚ್ಚು ಎಂದು ನಗುತ್ತಿದ್ದೀರಿ, ಗೊತ್ತು. ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ನೀವು ‘ಖಲಾಸ್, ಆಯ್ತಲ್ಲ’ ಎನ್ನುತ್ತೀರಿ. ವಾಟ್ಸಾಪಿನಲ್ಲಿ ಬರೆದರೆ ಒಂದು ಹೆಬ್ಬೆರಳು ಕಳಿಸಿ ಮಲಗುತ್ತೀರಿ. ಕಾಗದದ ಮಧ್ಯೆ ಬಾಯಿ ಹಾಕಲಿಕ್ಕೆ ಆಗುವುದಿಲ್ಲ. ಮದುವೆಗೆ ಮುಂಚೆ ನೀವು ಬರೆಯುತ್ತಿದ್ದದ್ದೂ ಕನ್ನಡದಲ್ಲಿ, ನಾನು ಉತ್ತರ ಹಾಕುತ್ತಿದ್ದದ್ದೂ ಕನ್ನಡದಲ್ಲಿ. ಮನೆಯಲ್ಲಿ ಎಷ್ಟು ಕೊಂಕಣಿ ಮಾತಾಡಿದರೂ ಪೆನ್ನು ಹಿಡಿದ ಮೇಲೆ ನಮಗಿಬ್ಬರಿಗೂ ಬರುವುದು ಶಾಲೆಯಲ್ಲಿ ಕಲಿತ ಇದೊಂದೇ. ಇವತ್ತು ಶುಕ್ರವಾರದ ರಜೆ, ಘಾಲಾದ ಇಗರ್ಜಿಯಲ್ಲಿ ಮಿಸಾ ಪೂಜೆ ಮುಗಿಸಿ ಬಂದು, ಮಕ್ಕಳಿಗೆ ಊಟ ಬಡಿಸಿ, ಇದನ್ನು ಹಿಡಿದು ಕೂತಿದ್ದೇನೆ. ಪೂರ್ತಿ ಓದಿ. ಮಧ್ಯದಲ್ಲಿ ಕೋಪ ಬಂದರೂ ಮಡಚಿ ಇಡಬೇಡಿ.

ಶೆಲ್ಡನ್ ಗಟ್ಟಿಯಾಗಿದ್ದಾನೆ. ವಾಚ್‌ಮನ್ ಎದುರು ಸಿಕ್ಕಿದರೆ ಎದೆಗೆ ಕೈಯಿಟ್ಟು ಸಲಾಂ ಹೇಳುತ್ತಾನೆ, ಯಾರು ಬಾಗಿಲು ತಟ್ಟಿದರೂ ‘ಯಲ್ಲಾ ಯಲ್ಲಾ’ ಎಂದು ಓಡುತ್ತಾನೆ. ಅಕ್ಕ ಓಲಿವಿಯಾಳ ಹಳೆಯ ಬ್ಯಾಗು ಬೆನ್ನಿಗೇರಿಸಿ ಹಾಲಿನಿಂದ ಅಡುಗೆಮನೆಗೆ ‘ಶಾಲೆಗೆ’ ಹೋಗುತ್ತಾನೆ. ಅಲ್ಲಿ ನಾನು ಟೀಚರ್. ಪಾಠ ಬಿಟ್ಟು ಮೀನು ಕೊಯ್ಯುತ್ತಿದ್ದೇನೆ ಎಂದು ನನ್ನನ್ನೇ ಗದರಿಸುತ್ತಾನೆ. ಅವನ ಕೆ.ಜಿ. ಅರ್ಜಿಯನ್ನು ಜನವರಿಯಲ್ಲಿ ಆನ್‌ಲೈನ್‌ನಲ್ಲಿ ತುಂಬಿದವರು ನೀವೇ. ಶಾಲೆಗಳ ಹೆಸರು ಇಷ್ಟದ ಪ್ರಕಾರ ಹಾಕುವಾಗ ಎಲ್ಲಕ್ಕಿಂತ ಮೇಲೆ ಓಲಿವಿಯಾಳ ಶಾಲೆ ಹಾಕಿ, ಅವಳ ಅಡ್ಮಿಶನ್ ನಂಬರ್ ಕೊಟ್ಟು, ‘ಇವನದು ಆದ ಹಾಗೇ’ ಎಂದು ತೊಡೆ ತಟ್ಟಿದಿರಿ. ಆ ಶಾಲೆಯಲ್ಲಿ ಅಣ್ಣನೋ ಅಕ್ಕನೋ ಇದ್ದ ಮಕ್ಕಳಿಗೆ ಮೊದಲು ಸೀಟು, ಮಿಕ್ಕಿದ್ದು ಮಾತ್ರ ಚೀಟಿ ಎತ್ತುವ ಡ್ರಾದಲ್ಲಿ ಬೇರೆಯವರಿಗೆ. ಆದರೆ ಡ್ರಾ ಆಗುವ ದಿನ ದೊಡ್ಡವರು ಶಾಲೆಯಲ್ಲಿ ಓದುತ್ತಿರಬೇಕು. ಟಿ.ಸಿ. ತೆಗೆದುಕೊಂಡು ಹೋಗಿದ್ದರೆ ಚಿಕ್ಕವರ ಹಕ್ಕೂ ಅದರ ಜೊತೆಗೇ ಹೋಯಿತು. ಫೆಬ್ರವರಿ ಕೊನೆಗೆ ಡ್ರಾ ಎಂದಿದ್ದರು. ಬುಧವಾರ ಮೆಸೇಜು ಬಂತು, ರಮದಾನ್, ಈದ್ ಎಲ್ಲ ಕಳೆದು, ಹೊಸ ವರ್ಷದ ಕ್ಲಾಸು ಶುರುವಾದ ಮೇಲೆ ಏಪ್ರಿಲ್‌ನಲ್ಲಿ ಎಂದು.

ನಾನು ಫೋನ್ ಮಾಡಿ ಹೇಳಿದ್ದಕ್ಕೆ ನೀವು ಸ್ವಲ್ಪವೂ ತಡೆಯದೆ, ‘ಹಾಗಾದರೆ ಓಲಿವಿಯಾ ಏಪ್ರಿಲ್‌ವರೆಗೆ ಇರಲಿ, ಎಂತ ಆಗ್ತದೆ’ ಎಂದಿರಿ. ಎಂತ ಆಗುತ್ತದೆ ಎಂದು ನಾನು ಹೇಳುತ್ತೇನೆ. ಒಂಬತ್ತನೇ ಕ್ಲಾಸಿನಲ್ಲಿ ಇದು ಅವಳ ಎರಡನೇ ವರ್ಷ. ಮಾರ್ಚ್ ಪರೀಕ್ಷೆಯಲ್ಲಿ ಗಣಿತ, ವಿಜ್ಞಾನ ಎರಡೂ ಅವಳಿಂದ ಆಗುವುದಿಲ್ಲ ಎಂದು ನಮಗೂ ಗೊತ್ತು, ಶಾಲೆಗೂ ಗೊತ್ತು. ಹಾಗೆ ಕುಂಟುವ ಮಕ್ಕಳನ್ನು ಹತ್ತಕ್ಕೆ ಬಿಟ್ಟರೆ ಬೋರ್ಡ್ ಪರೀಕ್ಷೆಯಲ್ಲಿ ಶಾಲೆಯ ಹೆಸರು ಇಳಿಯುತ್ತದೆ ಎಂಬ ಹೆದರಿಕೆ ಅವರಿಗೆ. ಬಾಯಿಬಿಟ್ಟು ಹೇಳುವುದಿಲ್ಲ, ‘ಮಗುವಿನ ಒಳ್ಳೆಯದಕ್ಕೆ’ ಎನ್ನುತ್ತಾರೆ. ಟಿ.ಸಿ. ತೆಗೆಯಿರಿ, ಓಪನ್ ಸ್ಕೂಲಿಗೆ ಸೇರಿಸಿ, ಒಂದೊಂದೇ ವಿಷಯ ನಿಧಾನಕ್ಕೆ ಬರೆಯಲಿ ಎಂದು ಕ್ರಿಸ್‌ಮಸ್ ರಜೆಗೆ ಮುಂಚೆಯೇ ಹೇಳಿದ್ದರು. ನಾವು ಡ್ರಾ ಆಗಲಿ ಎಂದೆವು. ನೀವು ಹೇಳಿದಿರಿ, ನಾನು ತಲೆಯಾಡಿಸಿದೆ. ಈಗ ಡ್ರಾ ಏಪ್ರಿಲ್‌ಗೆ ಹೋಯಿತು ಎಂದರೆ ಅವಳು ಮಾರ್ಚಿನಲ್ಲಿ ಪುನಃ ಫೇಲಾಗಿ, ಏಪ್ರಿಲ್‌ನಲ್ಲಿ ಪುನಃ ಅದೇ ಒಂಬತ್ತಕ್ಕೆ ಹೋಗಿ, ತನಗಿಂತ ಇನ್ನೂ ಸಣ್ಣ ಮಕ್ಕಳ ಜೊತೆ ಕೂರಬೇಕು. ಇದನ್ನು ನೀವು ಲೆಕ್ಕ ಹಾಕಲಿಲ್ಲ ಎಂದೇ ನಾನು ನಂಬಿದ್ದೇನೆ.

ಅವಳು ಹೇಗಿದ್ದಾಳೆ ಎಂದು ನೀವು ಕೇಳಿದಾಗೆಲ್ಲ ನಾನು ‘ಇದ್ದಾಳೆ’ ಎನ್ನುತ್ತಿದ್ದೆ. ಟಿಫಿನ್ ಡಬ್ಬಿ ಹೋದ ಹಾಗೇ ವಾಪಸು ಬರುತ್ತದೆ. ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಗಾಗಿದೆ. ಮೊದಲೆಲ್ಲ ಬಂದ ಕೂಡಲೇ ಅವಳು ಹೀಗಂದಳು, ಇವಳು ಹಾಗಂದಳು ಎಂದು ನನ್ನ ಹಿಂದೆ ಮುಂದೆ ತಿರುಗುತ್ತಿದ್ದ ಹುಡುಗಿ, ಈಗ ಯಾರ ಹೆಸರೂ ಎತ್ತುವುದಿಲ್ಲ. ಹಳೆಯ ಗೆಳತಿಯರು ಹತ್ತರಲ್ಲಿ, ಬಸ್ಸಿನ ಹಿಂದಿನ ಸೀಟುಗಳಲ್ಲಿ. ಇವಳು ಮುಂದೆ ಕೆ.ಜಿ. ಮಕ್ಕಳ ಹತ್ತಿರ ಕೂತು ಅವರ ಶೂ ಲೇಸು ಕಟ್ಟಿಕೊಡುತ್ತಾಳಂತೆ. ಡ್ರೈವರ್ ತಮಾಷೆಗೆ ‘ಹಮಾರಾ ನಯಾ ಆಯಾ’ ಎಂದನಂತೆ, ಅವತ್ತಿನಿಂದ ಹಿಂದಿನ ಸೀಟಿನವರಿಗೂ ಇವಳು ಮಕ್ಕಳನ್ನು ನೋಡಿಕೊಳ್ಳುವ ಆಯಾ. ಇದನ್ನು ಇವಳು ಹೇಳಲಿಲ್ಲ, ಅದೇ ಬಸ್ಸಿನಲ್ಲಿ ಹೋಗುವ ಮೇಲಿನ ಫ್ಲಾಟಿನ ಹುಡುಗಿ ಮುಫೀದಾ ಹೇಳಿದ್ದು. ಕೇಳಿ ನನಗೆ ಆ ಬಸ್ಸಿಗೆ ಹತ್ತಿ ಒಬ್ಬೊಬ್ಬರ ಕಿವಿ ಹಿಂಡಬೇಕು ಎನಿಸಿತು. ಏನು ಮಾಡಿದೆ ಕೇಳಿ, ಮುಫೀದಾಳಿಗೆ ಬಾಳೆಹಣ್ಣು ಕೊಟ್ಟು ಕಳಿಸಿದೆ.

ನಿನ್ನೆ ಗುರುವಾರ ಕ್ಲಾಸ್ ಟೀಚರ್ ನಝೀರಾ ಬರಹೇಳಿದ್ದರು. ಉಳ್ಳಾಲದವರು, ಬೇರೆಯವರ ಎದುರು ಇಂಗ್ಲಿಷ್, ನಾವಿಬ್ಬರೇ ಆದರೆ ಕನ್ನಡ. ‘ಉತ್ತರ ತಪ್ಪು ಬರೆದರೆ ನಾನು ಹೇಗಾದರೂ ಕಲಿಸಿಯೇನು ಆಲ್ಬಿನಾ, ಈಗ ಪೇಪರಿನಲ್ಲಿ ಹೆಸರು ಸಹ ಬರೆಯುವುದಿಲ್ಲ ಮಾರಾಯ್ತಿ’ ಎಂದರು. ಈ ಖಾಲಿ ಪೇಪರ್ ಯಾರದ್ದು ಎಂದು ಕೇಳಿದರೆ ಸುಮ್ಮನೆ ಕೈ ಎತ್ತುತ್ತಾಳಂತೆ. ಅವರು ಅವಳನ್ನು ಹೊರಗೆ ಕರೆದು, ಓಪನ್ ಸ್ಕೂಲಿನಲ್ಲಿ ನಿನಗೆ ಹಗುರವಾಗುತ್ತದೆ, ಮನೆಯಲ್ಲಿ ನಾನು ಮಾತಾಡಲಾ ಎಂದು ಕೇಳಿದ್ದಾರೆ. ಅದಕ್ಕೆ ನಿಮ್ಮ ಮಗಳು ಕೊಟ್ಟ ಉತ್ತರವನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. ‘ನಾಟ್ ನೌ ಮಿಸ್, ಮೈ ಬ್ರದರ್ ನೀಡ್ಸ್ ಮೈ ನಂಬರ್.’ ಟೀಚರಿಗೆ ಅರ್ಥವಾಗದೆ ನನ್ನನ್ನು ಕರೆಸಿದ್ದು. ನಾನು ವಿವರಿಸಿ ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ, ಮೇಜಿನ ಮೇಲಿನ ಪೆನ್ನುಗಳನ್ನು ಸರಿ ಮಾಡುತ್ತಾ ಕೇಳಿದರು.

ನಾವು ಅವಳಿಗೆ ಹೇಳಿರಲಿಲ್ಲ ಅಲ್ಲವಾ? ಹೇಳುವುದು ಯಾಕೆ ಬೇಕು, ನೀವು ಫೋನಿನಲ್ಲಿ ಕಿರುಚುವುದು ಮೆಟ್ಟಿಲವರೆಗೆ ಕೇಳುತ್ತದೆ. ದಿನಾ ಸಂಜೆ ‘ಮಮ್ಮಾ, ವೆನ್ ಈಸ್ ದ ಡ್ರಾ?’ ಎಂದು ಕೇಳುತ್ತಿದ್ದಳು. ತಮ್ಮನ ಮೇಲೆ ಎಷ್ಟು ಆಸೆ ನೋಡು ಎಂದು ನಾನು ಹಿಗ್ಗುತ್ತಿದ್ದೆ. ಮೊನ್ನೆ ಬುಧವಾರ ನನ್ನ ಫೋನ್ ಅವಳ ಕೈಯಲ್ಲಿದ್ದಾಗಲೇ ಆ ಮೆಸೇಜು ಬಂದದ್ದು. ಓದಿದಳು. ‘ಏಪ್ರಿಲ್ ಅಂದರೆ ಈಸ್ಟರ್ ಆದ ಮೇಲಾ?’ ಎಂದು ಕೇಳಿದಳು. ಹೌದು ಎಂದೆ. ಫೋನ್ ನನ್ನ ಕೈಗೆ ಕೊಟ್ಟು, ಒಳಗೆ ಹೋಗಿ ಮಾರನೇ ದಿನದ ಯೂನಿಫಾರ್ಮಿಗೆ ಇಸ್ತ್ರಿ ಹಾಕಿದಳು. ಅತ್ತಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಇನ್ನೊಂದು ಪಕ್ಕ ನನಗೆ ಕಾಣುವುದಿಲ್ಲ ಎಂದು ತಿಳಿಯಬೇಡಿ. ಪಕ್ಕದ ಮನೆಯ ವಿಕ್ಟೋರಿಯಾಳ ಕಥೆ ನನ್ನ ಕಣ್ಣೆದುರೇ ಇದೆ. ಒಬ್ಬನೇ ಮಗ, ಮುಂದೆ ಅಕ್ಕ ಅಣ್ಣ ಯಾರೂ ಇಲ್ಲ, ಕಳೆದ ವರ್ಷ ಡ್ರಾದಲ್ಲಿ ಎಲ್ಲೂ ಬರಲಿಲ್ಲ. ಪ್ರೈವೇಟ್ ಶಾಲೆಯ ಮೆಟ್ಟಿಲು ಹತ್ತುವ ಶಕ್ತಿ ಅವರಿಗೂ ಇಲ್ಲ, ನಮಗೂ ಇಲ್ಲ. ಮಗುವನ್ನು ಶಿರ್ವದಲ್ಲಿ ಅವಳ ತಂಗಿಯ ಮನೆಯಲ್ಲಿ ಬಿಟ್ಟು ಬಂದಳು. ಈಗ ವೀಡಿಯೋ ಕಾಲಿನಲ್ಲಿ ಅವನು ಇವಳನ್ನು ನೋಡಿ ತಂಗಿಯ ಸೆರಗಿನ ಹಿಂದೆ ಅಡಗುತ್ತಾನೆ. ವಿಕ್ಟೋರಿಯಾ ಅದನ್ನು ನಗುತ್ತಲೇ ಹೇಳುತ್ತಾಳೆ, ಆಮೇಲೆ ನಮ್ಮ ಶೆಲ್ಡನನ್ನು ಎತ್ತಿಕೊಂಡು ಬಹಳ ಹೊತ್ತು ಕೆಳಗಿಳಿಸುವುದಿಲ್ಲ. ಓಲಿವಿಯಾಳ ಹೆಸರು ತೆಗೆದರೆ ನಮ್ಮವನೂ ಆ ದೊಡ್ಡ ರಾಶಿಯಲ್ಲಿ ಒಬ್ಬ. ಬಂದರೆ ಬಂತು, ಇಲ್ಲದಿದ್ದರೆ ದೂರದ ಯಾವುದೋ ಶಾಲೆಯ ಮಧ್ಯಾಹ್ನದ ಶಿಫ್ಟು, ಅದೂ ಇಲ್ಲದಿದ್ದರೆ ಅವನನ್ನೂ ಊರಿಗೆ ಬಿಡಬೇಕು. ಅವನಿಲ್ಲದ ಈ ಮನೆಯನ್ನು ನೆನೆಸಲಿಕ್ಕೂ ನನಗೆ ಆಗುವುದಿಲ್ಲ. ನೀವು ಮಗಳ ಮೇಲೆ ಕಲ್ಲು ಮನಸ್ಸಿನವರು ಎಂದು ನಾನು ಹೇಳುವುದಿಲ್ಲ. ನೀವು ಅಲ್ಲಿ ಬ್ಯಾಚುಲರ್ ರೂಮಿನಲ್ಲಿ ಒಬ್ಬರೇ ಇರುವುದೂ ಈ ಮಕ್ಕಳು ಒಂದೇ ಕಡೆ ನಿಂತು ಓದಲಿ ಎಂದೇ. ಆದರೆ ಒಂದು ಮಗುವನ್ನು ಒಳಗೆ ಸೇರಿಸಲು ಇನ್ನೊಂದು ಮಗುವನ್ನು ಬಾಗಿಲಿಗೆ ಅಡ್ಡ ಕೊಟ್ಟು ನಿಲ್ಲಿಸಿದ್ದೇವೆ ಆಲ್ಫ್ರೆಡ್. ಬಾಗಿಲಿನ ಭಾರವೆಲ್ಲ ಅವಳ ಮೇಲೆ ಬೀಳುತ್ತಿದೆ.

ಅದಕ್ಕೇ ಕೇಳುತ್ತೇನೆ, ಪತ್ರ ಓದಿದ ಮೇಲೆ ಒಂದು ದಿನ ಯೋಚಿಸಿ, ಟಿ.ಸಿ. ತೆಗೆಯಲು ಒಪ್ಪಿಗೆ ಕೊಡಿ. ಒಂದೇ ಮಾತು ಸಾಕು, ಮಿಕ್ಕಿದ್ದನ್ನು ನಾನು ನೋಡಿಕೊಳ್ಳುತ್ತೇನೆ. ಓಪನ್ ಸ್ಕೂಲಿನ ದಾರಿ ನಝೀರಾ ಟೀಚರ್ ತೋರಿಸುತ್ತಾರೆ. ನನಗೆ ಇಂಗ್ಲಿಷ್ ಪಾಠ ಹೇಳಿಕೊಡಲು ಬಾರದಿದ್ದರೂ ಅವಳ ಪಕ್ಕದಲ್ಲಿ ಕೂರಲು ಬರುತ್ತದೆ. ಪತ್ರ ನಿಮ್ಮ ಕೈ ಸೇರುವವರೆಗೆ ಫೋನಿನಲ್ಲಿ ಈ ವಿಷಯ ಎತ್ತುವುದಿಲ್ಲ, ನೀವೂ ಎತ್ತಬೇಡಿ. ಬರುವ ಬುಧವಾರ ಬೂದಿ ಹಚ್ಚಿಕೊಳ್ಳುವ ದಿನ, ಈಸ್ಟರ್‌ವರೆಗಿನ ವ್ರತ ಶುರು, ಮೀನು ಮಾಂಸ ಬಿಡದಿದ್ದರೂ ಪರವಾಗಿಲ್ಲ, ಸಿಗರೇಟು ಬಿಡಿ. ಶೆಲ್ಡನ್ ನಿಮಗೆ ಮುತ್ತು ಕಳಿಸಿದ್ದಾನೆ, ಕಾಗದದ ಮೂಲೆಯಲ್ಲಿ ಒದ್ದೆಯಾಗಿರುವುದು ಅದೇ. ಓಲಿವಿಯಾಳಿಗೆ ಏನು ಬರೆಯಲಿ ಎಂದು ಕೇಳಿದೆ, ‘ಡ್ಯಾಡಿಗೆ ಹಾಯ್’ ಎಂದಳು. ಮರಿಯಮ್ಮ ತಾಯಿ ನಿಮ್ಮ ಎದೆಯನ್ನೂ ಮನಸ್ಸನ್ನೂ ಕಾಪಾಡಲಿ.

ನಿಮ್ಮ
ಆಲ್ಬಿನಾ

ತಾ.ಕ.: ಭಾನುವಾರ ಮಧ್ಯಾಹ್ನ. ಹಕೀಂ ಕೆಳಗೆ ಗಾಡಿ ಸ್ಟಾರ್ಟ್ ಮಾಡಿ ಕಾಯುತ್ತಿದ್ದಾರೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಮೇಲೆ ಒಪ್ಪಿಗೆ ಕೇಳಿದ್ದೇನೆ, ಆದರೆ ಕಾಯಲು ಆಗಲಿಲ್ಲ. ವಾರದ ರಜೆ ಮುಗಿದು ಬೆಳಿಗ್ಗೆ ಶಾಲೆಯ ಬಸ್ಸಿಗೆ ನಿಂತಿದ್ದಾಗ ಓಲಿವಿಯಾಳಿಗೆ ವಾಂತಿಯಾಯಿತು. ಮನೆಗೆ ಹೋಗೋಣ ಎಂದರೆ ಕೇಳದೆ, ಬಾಯಿ ಒರೆಸಿಕೊಂಡು, ಬಸ್ಸು ಬಂದ ಕೂಡಲೇ ಹತ್ತಲು ಹೋದಳು. ನಾನು ಕೈ ಹಿಡಿದು ಇಳಿಸಿದೆ. ಶೆಲ್ಡನನ್ನು ವಿಕ್ಟೋರಿಯಾಳಲ್ಲಿ ಬಿಟ್ಟು, ಟ್ಯಾಕ್ಸಿ ಮಾಡಿ ಇವಳನ್ನು ಕರೆದುಕೊಂಡು ಶಾಲೆಯ ಆಫೀಸಿಗೇ ಹೋದೆ. ಟಿ.ಸಿ. ಅರ್ಜಿಗೆ ಸಹಿ ಹಾಕುವಾಗ ಕ್ಲರ್ಕ್, ‘ಚಿಕ್ಕವನ ಸೀಟಿನ ಹಕ್ಕು ಹೋಗ್ತದೆ ಮೇಡಂ, ಯೋಚನೆ ಮಾಡಿದ್ದೀರಾ’ ಎಂದು ಕೇಳಿದರು. ಮಾಡಿದ್ದೇನೆ ಎಂದು ಸಹಿ ಹಾಕಿದೆ. ಇನ್ನು ವಾಪಸಿಲ್ಲ. ಹೊರಗೆ ಕೂತಿದ್ದವಳಿಗೆ ಬಂದು ಹೇಳಿದೆ, ಮುಗಿಯಿತು ಮಗಾ, ನಾಳೆಯಿಂದ ಬರಬೇಕಾಗಿಲ್ಲ ಎಂದು. ಓಡಿ ಬಂದು ಅಪ್ಪಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ನಿಂತು, ಆ ಕಾರಿಡಾರಿನಲ್ಲಿ ಎಲ್ಲರೂ ನೋಡುವ ಹಾಗೆ, ನನ್ನ ಮೇಲೆ ರೇಗಿ ಜೋರಾಗಿ ಅತ್ತಳು. ‘ಶೆಲ್ಡನ್‌ಗೆ ಸೀಟು ಆಗಲೇ ಇಲ್ಲವಲ್ಲ ಮಮ್ಮಾ. ಹಾಗಾದರೆ ಇಷ್ಟು ದಿನ ನಾನು ಯಾಕೆ ಬಂದದ್ದು?’ ನನಗೆ ಬೈಯುವುದನ್ನು ಆಮೇಲೆ ಬೈಯಿರಿ. ಮೊದಲು ಅವಳಿಗೆ ಫೋನ್ ಮಾಡಿ ಏನಾದರೂ ಹೇಳಿ.