ಸುಟ್ಟ ಕ್ಲಚ್ಚಿನ ವಾಸನೆ

ಮೇ ೩, ಶನಿವಾರ

ಎಣ್ಣೆ ಬದಲಾಯಿಸಿದೆ. ಪ್ಲಗ್ ಒರೆಸಿದೆ. ಊಟಕ್ಕೆ ಮುಂಚೆ ಒಂದು ಸುತ್ತು. ಚರ್ಚ್ ಹತ್ತಿರದ ಸಿಗ್ನಲ್‌ನಲ್ಲಿ ಕಾರು ಗಕ್ಕನೆ ನಿಂತುಹೋಯಿತು. ಎಡಗಾಲು ಕ್ಲಚ್ ಮೇಲಿಂದ ಜಾರಿತು. ತಪ್ಪು ಕ್ಲಚ್ಚಿನದೇ. ೧೯೭೦ರ ಶೆವೆಲ್ ಕಾರು, ಆ ಕಾಲದ ಸ್ಪ್ರಿಂಗು. ಕಾಲಿಗೇನೂ ಆಗಿಲ್ಲ.

ಹಿಂದೆಯೇ ವರ್ಲಿನ್, ತನ್ನ ಹಳೇ ಪಿಕಪ್‌ನಲ್ಲಿ. ಫ್ಲಿಂಟ್ ಊರಿನ ಕಾರು ಕಾರ್ಖಾನೆಯಲ್ಲಿ ನನ್ನ ಪಕ್ಕದಲ್ಲೇ ನಿಂತು ದುಡಿದವನು. ಸಾವಿನ ಮನೆಯಲ್ಲೂ ನಗುವ ಆಸಾಮಿ. ಇವತ್ತು ನಗಲಿಲ್ಲ! ಅದೇ ಚುಚ್ಚುತ್ತಿದೆ. ಇಳಿದು ಬಂದು ಕಿಟಕಿಗೆ ಬಗ್ಗಿದ.

"ಐದು ಗೇರಿನ ಬಾಕ್ಸ್ ಒಂದು ನನ್ನ ಹತ್ರ ಸುಮ್ನೆ ಬಿದ್ದಿದೆ ಕಣೋ ಡೆಲ್. ಜತೆಗೆ ಹೈಡ್ರಾಲಿಕ್ ಕ್ಲಚ್ ಹಾಕೋಣ. ಬೆರಳಲ್ಲಿ ಒತ್ತಿದ್ರೂ ಹೋಗುತ್ತೆ. ದುಡ್ಡು ಗಿಡ್ಡು ಏನೂ ಬೇಡ."

ಬೇಡವಂತೆ. ಒಂದು ಸ್ಪ್ಯಾನರ್ ಕೊಟ್ಟರೆ ವಾಪಸ್ ಬರುವ ತನಕ ನಮ್ಮ ಬಾಗಿಲಲ್ಲೇ ನಿಲ್ಲುವವನು…

ಮೇ ೪, ಭಾನುವಾರ

ಲೋರ್ನಾಗೆ ಹೇಳಿದೆ. ಮದುವೆಯಾದಾಗಿನಿಂದ ಆ ಕಾರನ್ನು ಸವತಿ ಎಂದೇ ಕರೆದವಳು. "ಮಾಡಿಸ್ಕೋ ಡೆಲ್, ಒಳ್ಳೇದೇ ಆಯ್ತು" ಅಂದಳು. ತಲೆ ಎತ್ತಲೂ ಇಲ್ಲ. ಆಲೂಗಡ್ಡೆ ಸುಲಿಯುತ್ತಲೇ ಇದ್ದಳು.

ಮಾರುವ ಸಂಚೇ? ಹೊಸ ಬಾಕ್ಸ್ ಹಾಕಿಸಿ, ನುಣ್ಣಗೆ ಮಾಡಿ, ಯಾರಿಗೋ ದಾಟಿಸುವುದು?

ಎಡ ಚಪ್ಪಲಿಯನ್ನು ಮತ್ತೆ ಯಾರೋ ಎತ್ತಿಟ್ಟಿದ್ದರು. ಮೆಟ್ಟಿಲ ಮೇಲೆ ಸಿಕ್ಕಿತು. ಈ ಮನೆಯಲ್ಲಿರುವುದು ನಾವಿಬ್ಬರೇ. ನಾನಂತೂ ಇಟ್ಟಿಲ್ಲ.

ಮೇ ೧೦, ಶನಿವಾರ

ಹಳೇ ಗೇರ್‌ಬಾಕ್ಸ್ ಇಳಿಸಿದೆವು. ಅದರ ಮೇಲೆ ಕಾರಿನ ನಂಬರೇ ಒತ್ತಿದೆ, ಹುಟ್ಟುಗುರುತಿನ ಹಾಗೆ. ಕಂಬಳಿಯಲ್ಲಿ ಸುತ್ತಿ ಬೆಂಚಿನ ಕೆಳಗೆ ಇಟ್ಟೆ. ಕಣ್ಣಿಗೆ ಕಾಣುವ ಕಡೆ. ಹೊಸದು ದಪ್ಪ, ಕಾರಿನ ತಳದ ತಗಡನ್ನೇ ಕತ್ತರಿಸಬೇಕಾಯಿತು. ನೋಡಲಾಗದೆ ಹೊರಗೆ ಹೋಗಿ ನಿಂತೆ.

ಆಮೇಲೆ ನಡೆದದ್ದು ಬರೆಯಬೇಕು. ಇಂಜಿನ್ನಿನ ಹಿಂದೆ ಒಂದು ಸಣ್ಣ ಹಿತ್ತಾಳೆ ಬುಷ್ ಇರುತ್ತದೆ. ಅದರ ತೂತಿಗೆ ಒದ್ದೆ ಬ್ರೆಡ್ ತುರುಕಿ, ಸರಳು ಇಟ್ಟು ಬಡಿದರೆ ತಾನೇ ಹೊರಗೆ ಬರುತ್ತದೆ. ಮೆಕ್ಯಾನಿಕ್ಕರ ಹಳೇ ಉಪಾಯ. ವರ್ಲಿನ್ ಇನ್ನೂ ಬಾಯಿ ಬಿಟ್ಟಿರಲಿಲ್ಲ, ಲೋರ್ನಾ ಬಾಗಿಲಲ್ಲಿ. ಕೈಯಲ್ಲಿ ಬ್ರೆಡ್ಡು.

"ಬುಷ್ ತೆಗಿಯೋಕೆ ಬೇಕಲ್ವಾ, ತಗೊಳ್ಳಿ."

ಇಷ್ಟು ವರ್ಷದಲ್ಲಿ ಗ್ಯಾರೇಜಿಗೆ ಕಾಲಿಡದವಳು! ವರ್ಲಿನ್ ಕೆಮ್ಮಿದ. ಅವಳು ಕೆಂಪಾಗಿ ಒಳಗೆ ಹೋದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನಿನ್ನೂ ಕಳ್ಳ ಅಂದೇ ಇರಲಿಲ್ಲ.

ಮೇ ೧೪, ಬುಧವಾರ

ಬುಧವಾರ ಲೋರ್ನಾ ಚರ್ಚಿನಲ್ಲಿ ಕೌದಿ ಹೊಲಿಯಲು ಹೋಗುತ್ತಾಳೆ. ಸಂಜೆ ಬಂದಳು. ಸ್ವೆಟರ್ ಕುರ್ಚಿಗೆ ಹಾಕಿದಳು. ಮೂಸಿದೆ.

ಸುಟ್ಟ ಕ್ಲಚ್.

ಬೇರೆ ಯಾವ ವಾಸನೆಗೂ ಹೋಲದು. ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ನಮ್ಮ ದಿನಬಳಕೆಯ ಕಾರು ಆಟೋಮ್ಯಾಟಿಕ್, ಅದಕ್ಕೆ ಕ್ಲಚ್ಚೇ ಇಲ್ಲ. ನನ್ನದು ಸ್ಟ್ಯಾಂಡಿನ ಮೇಲಿದೆ. ಉಳಿದದ್ದು ವರ್ಲಿನ್ನನ ಪಿಕಪ್. ಹೆಂಡತಿ ಸತ್ತು ನಾಲ್ಕು ವರ್ಷ ಅವನಿಗೆ…

"ಕೌದೀಲಿ ಏನೇ ಸುಟ್ಟಿದ್ದು?"

"ಇಸ್ತ್ರಿ ಪೆಟ್ಟಿಗೆ." ಕಣ್ಣು ಮಿಟುಕಿಸಲಿಲ್ಲ.

ಮೇ ೨೧, ಬುಧವಾರ

ಅವಳು ಹೊರಟ ಮೇಲೆ ಚರ್ಚಿಗೆ ನಡೆದೆ. ದೂರವೇನಲ್ಲ, ಆದರೆ ಎಡ ಪಾದ ನೆಲಕ್ಕೆ ಉಜ್ಜುತ್ತಿತ್ತು. ಶೂ ಸರಿಯಿಲ್ಲ. ಕೌದಿ ಹೆಂಗಸರು ಆರು ಜನ. ಲೋರ್ನಾ ಇಲ್ಲ.

"ಈಸ್ಟರ್ ಆದ್ಮೇಲೆ ಅವ್ಳು ಬಂದೇ ಇಲ್ವಲ್ಲ ಡೆಲ್, ಹುಷಾರಿಲ್ಲ ಅಂದ್ಕೊಂಡಿದ್ವಿ."

ವಾಪಸ್ ನಡೆಯಲು ಆಗಲಿಲ್ಲ. ವರ್ಲಿನ್ನನಿಗೇ ಫೋನ್ ಮಾಡಿದೆ, ನೋಡಿ ನನ್ನ ಹಣೆಬರಹ. ಎತ್ತಲಿಲ್ಲ. ಚರ್ಚಿನ ಮೆಟ್ಟಿಲ ಮೇಲೆ ಕೂತೆ. ಅತ್ತೆ. ಬರೆದುಬಿಟ್ಟೆ, ಇರಲಿ.

ಮೇ ೨೪, ಶನಿವಾರ

ವರ್ಲಿನ್ ಕಾರಿನಡಿ ಮಲಗಿ ಹೊಸ ಬಾಕ್ಸ್ ಕೂರಿಸುತ್ತಿದ್ದ. ಕೂದಲೆಳೆಯಷ್ಟು ಓರೆಯಾದರೂ ಗೇರ್ ತಿಂದುಹಾಕುತ್ತದೆ. ಜ್ಯಾಕಿನ ಹಿಡಿ ನನ್ನ ಕೈಯಲ್ಲಿ.

"ಬುಧವಾರ ಎಲ್ಲಿ ಹಾಳಾಗಿದ್ದೆ?"

"ಮನೇಲಿ."

"ಒಬ್ನೇನಾ?"

ಅವನು ಬೋಲ್ಟೊಂದನ್ನು ಬಿಗಿದ. "ಲೈಟ್ ಈ ಕಡೆ ಹಿಡಿ ಮಾರಾಯ."

ಹಿಡಿದೆ. ಆ ಜ್ಯಾಕು ಕೈಯಲ್ಲಿರುವಾಗ ಏನೇನು ಯೋಚನೆ ಬಂತೋ, ಅದನ್ನು ಬರೆಯುವುದಿಲ್ಲ.

ಅವನು ಹೋದ ಮೇಲೆ ಒಳಗೆ ಇಣುಕಿದೆ. ಸೀಟು ಪೂರ್ತಿ ಮುಂದಕ್ಕೆ ಸರಿದಿದೆ. ನಾನು ಉದ್ದ. ವರ್ಲಿನ್ ನನಗಿಂತ ಉದ್ದ. ಕುಳ್ಳಿ ಒಬ್ಬಳೇ. ನನ್ನ ಕಾರಿನಲ್ಲೇ!

ಜೂನ್ ೭, ಶನಿವಾರ

ಇಷ್ಟು ದಿನ ಪೆನ್ ಮುಟ್ಟಲಿಲ್ಲ. ಅವರಿಬ್ಬರ ಜೊತೆ ಮಾತೂ ಬಿಟ್ಟಿದ್ದೆ.

ಇವತ್ತು ಕಾರನ್ನು ಸ್ಟ್ಯಾಂಡಿನಿಂದ ಇಳಿಸಿದರು. ವರ್ಲಿನ್ ಬೀಗದ ಕೈ ತೆಗೆದು ಲೋರ್ನಾಳ ಕೈಗೆ ಕೊಟ್ಟ. ನನ್ನ ಕಣ್ಣ ಮುಂದೆ. ತಡೆಯಲಿಲ್ಲ ನಾನು. ಚರ್ಚು, ಸ್ವೆಟರು, ಸೀಟು, ಬ್ರೆಡ್ಡು, ಎಲ್ಲ ಒದರಿಬಿಟ್ಟೆ. ಬೀದಿಗೆಲ್ಲ ಕೇಳಿಸಿರಬೇಕು.

ವರ್ಲಿನ್ ನಕ್ಕ. ಒಂದು ತಿಂಗಳಾದ ಮೇಲೆ, ಹೊಟ್ಟೆ ಹಿಡಿದುಕೊಂಡು.

"ಲೋ, ನಿನ್ ಹೆಂಡ್ತಿ ನನ್ನ ಪಿಕಪ್ ಕ್ಲಚ್ಚನ್ನ ಎರಡು ಸಲ ಸುಟ್ಟು ಬೂದಿ ಮಾಡಿದಾಳೆ ಕಣೋ! ಎರಡು ಸಲಾನೂ ನಾನು ಮಲಗಿ ಹಾಕ್ದೆ, ಅವ್ಳು ಬ್ರೆಡ್ ತಂದ್ಕೊಟ್ಳು. ಕ್ಲಚ್ ಇರೋ ಗಾಡಿ ಓಡ್ಸೋಕೆ ಕಲೀತಿದಾಳೆ, ಇನ್ನೇನು! ಸೀಟು ಸರಿಸಿದ್ದೂ ಕ್ಲಚ್ ಕಾಲಿಗೆ ಎಟುಕುತ್ತಾ ಅಂತ ನೋಡೋಕೆ."

"ನನ್ನ ಕೇಳಬಾರದಿತ್ತಾ?" ಅಂದೆ.

"ನಿನ್ನ?" ಲೋರ್ನಾ ಸೊಂಟಕ್ಕೆ ಕೈ ಕೊಟ್ಟಳು. "ಮದುವೆಯಾದ ವರ್ಷ ಕಲಿಸ್ದೆಯಲ್ಲ, ನೀನು ಕಿರುಚಿದ್ದಕ್ಕೆ ಅರ್ಧ ದಾರೀಲಿ ಇಳಿದು ನಡ್ಕೊಂಡೇ ಮನೆಗೆ ಬಂದಿಲ್ವಾ ನಾನು?"

ಆಮೇಲೆ ದನಿ ತಗ್ಗಿಸಿದಳು. "ಡೆಲ್, ಚಪ್ಪಲಿ ಕಾಲಿಂದ ಬಿದ್ರೂ ನಿಂಗೆ ಗೊತ್ತಾಗಲ್ಲ. ಬರಿಗಾಲಲ್ಲೇ ಮೆಟ್ಟಿಲು ಹತ್ತಿ ಹೋಗ್ತೀಯ. ಡಾಕ್ಟ್ರ ಹತ್ರ ಬಾ ಅಂದ್ರೆ ಬರಲ್ಲ, ಕಾರು ಬಿಡ್ಬೇಡ ಅಂತಾರೆ ಅನ್ನೋ ಹೆದರಿಕೆ. ಅಂದ್ರೆ ಅನ್ಲಿ ಬಿಡು. ನಾನಿದೀನಲ್ಲ."

ನಾಚಿಕೆಯಾಯಿತು. ಕೋಪವೂ ಬಂತು, ನಾನೇ ಅರಿಯದ ನನ್ನ ಕಾಲನ್ನು ಇವರಿಬ್ಬರೂ ಅರಿತಿದ್ದಕ್ಕೆ. ಹೋಗಿ ಪಕ್ಕದ ಸೀಟಿನಲ್ಲಿ ಕೂತೆ. ಆ ಕಡೆಯಿಂದ ನನ್ನ ಕಾರನ್ನು ಎಂದೂ ನೋಡಿರಲಿಲ್ಲ. ಮೊದಲ ಸಲ ಗಕ್ಕನೆ ನಿಲ್ಲಿಸಿದಳು. ನಾಲಿಗೆ ಕಚ್ಚಿಕೊಂಡೆ. ಎರಡನೇ ಸಲ ಹೊರಟಿತು. ಐದನೇ ಗೇರಿನವರೆಗೂ ಹೋದಳು ಮಹರಾಯ್ತಿ.

ಜೂನ್ ೯, ಸೋಮವಾರ, ಬೆಳಿಗ್ಗೆ

ಡಾಕ್ಟರ ಹತ್ತಿರ ಹೋಗುವುದಿದೆ. ಇಂಜಿನ್ ಶುರು ಮಾಡಿ ಕೂತಿದ್ದಾಳೆ. ಪೂರ್ತಿ ತುಳಿದು ಗೇರ್ ಹಾಕು ಅಂತ ಹೇಳಬೇಕು. ಇಲ್ಲ, ಹೇಳಬಾರದು. ಹಾರ್ನ್ ಹೊಡೆಯುತ್ತಿದ್ದಾಳೆ. ಬಂದೆ ಮಾರಾಯ್ತಿ. ಬಲ ಶೂ ಹಾಕಿದ್ದು ಗೊತ್ತು. ಎಡದ್ದು ಕಾಲಿನಲ್ಲಿ ಇದೆಯೋ ಇಲ್ಲವೋ, ಬಗ್ಗಿ ನೋಡಿದರೇ ಗೊತ್ತು.